ಬಿಳಿಯ ಮೇಲೆ ಬಿಳಿ ತಾವರೆ

ಬಿಳಿ ಬಟ್ಟಲು, ಅದರೊಳಗೆ ಬಿಳಿ ತಾವರೆ. ಬಣ್ಣ ಬಳಿದಿಲ್ಲ, ಗೆರೆಗೆ ಮಸಿ ತುಂಬಿಲ್ಲ. ಆದರೂ ಎಸಳು ಎಸಳೂ ಕಾಣುತ್ತದೆ. ಹೇಗೆ?

ಇದು ಡಿಂಗ್ ಪಿಂಗಾಣಿ. ಉತ್ತರ ಚೀನಾದ ಹೆಬೈ ಪ್ರಾಂತ್ಯದ ಚೂಯಾಂಗ್ ಸುತ್ತಮುತ್ತ ಇದನ್ನು ಸುಡುತ್ತಿದ್ದರು. ಉತ್ತರ ಸಾಂಗ್ ಅರಸರ ಕಾಲದಲ್ಲಿ, ಅಂದರೆ 960ರಿಂದ 1127ರ ನಡುವೆ, ಇದಕ್ಕೆ ಭಾರೀ ಹೆಸರಿತ್ತು.

ತಿಗರಿಯಿಂದ ಇಳಿಸಿದ ಬಟ್ಟಲು ಅರ್ಧ ಒಣಗಬೇಕು. ಒತ್ತಿದರೆ ತಗ್ಗಾಗಬಾರದು, ಕತ್ತಿಗೆ ಮಾತ್ರ ಸಲೀಸಾಗಿ ಸಿಗಬೇಕು. ಆಗ ಕತ್ತಿಯನ್ನು ಓರೆಯಾಗಿ ಹಿಡಿದು ಹೂವು ಕೆತ್ತುತ್ತಾರೆ. ಗೆರೆಯ ಒಂದು ಅಂಚು ಕಡಿದಾಗಿರುತ್ತದೆ, ಇನ್ನೊಂದು ನಿಧಾನವಾಗಿ ಇಳಿಜಾರಾಗುತ್ತದೆ. ಅದರ ಮೇಲೆ ಗ್ಲೇಜ್ ಎಂಬ ತೆಳು ಲೇಪ ಹಚ್ಚಿ ಸುಟ್ಟರೆ ಅದು ಕರಗಿ ಗಾಜಾಗುತ್ತದೆ. ಕಡಿದಾದ ಕಡೆ ದಪ್ಪಗೆ ನಿಲ್ಲುತ್ತದೆ, ಇಳಿಜಾರಿನಲ್ಲಿ ತೆಳ್ಳಗಾಗುತ್ತದೆ. ಕೆರೆಯಲ್ಲಿ ಆಳವಿದ್ದ ಕಡೆ ನೀರಿನ ಬಣ್ಣ ಗಾಢ ಅಲ್ವಾ, ಇಲ್ಲೂ ಅಷ್ಟೇ. ಎಸಳಿನ ನೆರಳು ಅಂತ ನಮಗೆ ಕಾಣುವುದು ಗ್ಲೇಜ್‌ನ ದಪ್ಪ.

ಆ ಗ್ಲೇಜ್ ಪೂರ್ತಿ ಬಣ್ಣವಿಲ್ಲದ್ದಾಗಿದ್ದರೆ ಈ ಆಟ ಇಷ್ಟು ಚೆನ್ನಾಗಿ ನಡೆಯುತ್ತಿರಲಿಲ್ಲ. ಅದರಲ್ಲಿ ಚೂರೇ ಚೂರು ಕಬ್ಬಿಣ ಇದೆ. ಡಿಂಗ್ ಕುಂಬಾರರು ಸುಮಾರು ಹತ್ತನೇ ಶತಮಾನದಲ್ಲಿ ಸೌದೆ ಬಿಟ್ಟು ಕಲ್ಲಿದ್ದಲಿಗೆ ಬದಲಾದರು. ಕಲ್ಲಿದ್ದಲಿನ ಜ್ವಾಲೆ ಗಿಡ್ಡ, ಉರಿಯಲು ಗಾಳಿ ಜಾಸ್ತಿ ಬೇಕು. ಹಾಗಾಗಿ ಗೂಡಿನೊಳಗೆ ಆಮ್ಲಜನಕಕ್ಕೆ ಕೊರತೆ ಇರಲಿಲ್ಲ. ಆಮ್ಲಜನಕ ಸಾಕಷ್ಟು ಸಿಕ್ಕಿದ ಕಬ್ಬಿಣ ಗಾಜಿಗೆ ತಿಳಿ ಹಳದಿ ಕೊಡುತ್ತದೆ. ಆನೆದಂತದ ಆ ಬೆಚ್ಚನೆಯ ಬಿಳಿ ಬಂದದ್ದು ಹೀಗೆ. ಅದೇ ಕಬ್ಬಿಣ ಆಮ್ಲಜನಕ ಕಮ್ಮಿ ಇದ್ದ ಬೆಂಕಿಯಲ್ಲಿ ತಿಳಿ ನೀಲಿ ಛಾಯೆ ಕೊಡುತ್ತದೆ. ದಕ್ಷಿಣದ ಜಿಂಗ್‌ಡೆಜೆನ್‌ನವರು ಸೌದೆ ಉರಿಸಿ ಮಾಡಿದ ಪಿಂಗಾಣಿ ನೋಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಜಾಣತನವೂ ಡಿಂಗ್ ಕುಂಬಾರರದೇ. ಬಟ್ಟಲುಗಳನ್ನು ಬೋರಲು ಹಾಕಿ, ಒಂದರ ಮೇಲೊಂದು ಪೇರಿಸಿ ಸುಡುತ್ತಿದ್ದರು. ತೆಳು ಗೋಡೆ ಸೊಟ್ಟಗಾಗುವುದು ಕಮ್ಮಿ, ಒಂದೇ ಗೂಡಿಗೆ ಜಾಸ್ತಿ ಬಟ್ಟಲು ಹಿಡಿಸುತ್ತವೆ. ಆದರೆ ಬಾಯಂಚಿನಲ್ಲಿ ಗ್ಲೇಜ್ ಇದ್ದರೆ ಅದು ಕರಗಿ ಅಂಟಿಕೊಂಡುಬಿಡುತ್ತದೆ. ಅದಕ್ಕೇ ಅಂಚನ್ನು ಒರೆಸಿ ಬರಿದಾಗಿ ಬಿಡುತ್ತಿದ್ದರು. ಆಮೇಲೆ ಆ ಒರಟು ಅಂಚಿಗೆ ತಾಮ್ರದ್ದೋ ಬೆಳ್ಳಿಯದ್ದೋ ಪಟ್ಟಿ ಕಟ್ಟುವುದೂ ಇತ್ತು.

ಮುಂದೆ ಅಚ್ಚುಗಳು ಬಂದವು. ಅಚ್ಚೊತ್ತಿದ ಹೂವು ದಟ್ಟ, ಅಚ್ಚುಕಟ್ಟು, ಒಂದರಂತೆ ಇನ್ನೊಂದು. ನನಗಂತೂ ಕೈಕೆತ್ತನೆಯೇ ಹೆಚ್ಚು ಇಷ್ಟ. ಕತ್ತಿ ಎಲ್ಲಿ ಆಳಕ್ಕೆ ಇಳಿಯಿತು, ಎಲ್ಲಿ ಸುಮ್ನೆ ಜಾರಿಕೊಂಡು ಹೋಯಿತು ಎಂಬುದು ಸಾವಿರ ವರ್ಷದ ಮೇಲೂ ಆ ಹಳದಿಯ ಏರಿಳಿತದಲ್ಲಿ ಕಾಣುತ್ತದೆ.

ಬೆಳಕು ಎದುರಿನಿಂದ ಬಿದ್ದರೆ ಮಾತ್ರ ಹೂವು ಅಡಗಿಬಿಡುತ್ತದೆ. ಗೊತ್ತಿಲ್ಲದವರಿಗೆ ಅದು ಬರೀ ಬಿಳಿ ಬಟ್ಟಲು. 2007ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಕುಟುಂಬ ಮನೆಯಂಗಳದ ಹಳೇ ಸಾಮಾನಿನ ಮಾರಾಟದಲ್ಲಿ ಸುಮಾರು 3 ಡಾಲರ್ ಕೊಟ್ಟು ಇಂಥದ್ದೊಂದನ್ನು ತಂದು ಮನೆಯಲ್ಲಿಟ್ಟಿತ್ತು. ಒಳಗೆ ತಾವರೆ ಕೆತ್ತಿದ ಡಿಂಗ್ ಬಟ್ಟಲು ಅದು. 2013ರ ಹರಾಜಿನಲ್ಲಿ 22 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋಯಿತು. ಅದೇ ಅಳತೆಯ, ಅದೇ ಆಕಾರದ ಇನ್ನೊಂದು ಬಟ್ಟಲು ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.