ಕಾಲೇಜು ಹಬ್ಬಗಳು ಯಾರ ಕೈಯಲ್ಲಿವೆ?

1921ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟರು. ವಿದ್ಯಾರ್ಥಿಗಳು ಗಾಡಿಯೊಂದಕ್ಕೆ ಹೂವಿನ ಅಲಂಕಾರ ಮಾಡಿದರು. ಮೇಷ್ಟ್ರನ್ನು ಕೂರಿಸಿ, ರೈಲ್ವೆ ಸ್ಟೇಷನ್ನಿನವರೆಗೆ ತಾವೇ ಎಳೆದುಕೊಂಡು ಹೋದರು. ಆಗ ರಾಧಾಕೃಷ್ಣನ್ ರಾಷ್ಟ್ರಪತಿಯಲ್ಲ, ಮೂರು ವರ್ಷದ ಹಿಂದೆ ಮೈಸೂರಿಗೆ ಬಂದಿದ್ದ ಮೂವತ್ತರ ಆಸುಪಾಸಿನ ಮೇಷ್ಟ್ರು. ಕರ್ನಾಟಕದ ಕಾಲೇಜುಗಳ ಬೀಳ್ಕೊಡುಗೆ ಸಮಾರಂಭಗಳಲ್ಲಿ ಇಷ್ಟು ಹೆಸರಾದದ್ದು ಮತ್ತೊಂದಿಲ್ಲ.

ಈಗಲೂ ಪ್ರತಿ ಕಾಲೇಜಿನಲ್ಲಿ ಸೆಂಡ್ ಆಫ್ ನಡೆಯುತ್ತದೆ. ಫ್ರೆಷರ್ಸ್ ಡೇ, ಟ್ರೆಡಿಷನಲ್ ಡೇ, ರಾಜ್ಯೋತ್ಸವ, ಸ್ಪೋರ್ಟ್ಸ್ ಡೇ, ಫೆಸ್ಟ್, ಕಾಲೇಜ್ ಡೇ ಎಲ್ಲವೂ ಇವೆ. ಕಾರ್ಯಕ್ರಮಗಳ ಸಂಖ್ಯೆಗೆ ಏನೂ ಕೊರತೆಯಿಲ್ಲ. ಕಡಿಮೆ ಆಗಿರುವುದು ಅವುಗಳಲ್ಲಿ ವಿದ್ಯಾರ್ಥಿಗಳ ಕೈ. ಯಾರು ಬರಬೇಕು, ಎಷ್ಟು ಖರ್ಚು ಮಾಡಬೇಕು, ಎಷ್ಟು ಹೊತ್ತಿಗೆ ಮುಗಿಯಬೇಕು ಎಂದು ಬಹಳಷ್ಟು ಕಡೆ ಬೇರೆಯವರು ನಿರ್ಧರಿಸುತ್ತಾರೆ. ಇದು ಒಂದೇ ದಿನದಲ್ಲಿ ಆದದ್ದಲ್ಲ.

ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲಿ. ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದಕ್ಕಿಂತ ಹಳೆಯವು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಮಾತಾಡಲು, ಪದ್ಯ ಓದಲು, ನಾಟಕ ಆಡಲು ತರಗತಿಯ ಹೊರಗೊಂದು ಜಾಗ ಬೇಕಿತ್ತು. ಕಾಲೇಜುಗಳ ಕರ್ನಾಟಕ ಸಂಘಗಳು ಆ ಜಾಗವಾದವು. ಸೆಂಟ್ರಲ್ ಕಾಲೇಜಿನ ಸಂಘ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆಯನ್ನು ತಂದಿತು. ಮುಂದೆ ಅದನ್ನು ಮೈಸೂರು ವಿಶ್ವವಿದ್ಯಾಲಯವೇ ವಹಿಸಿಕೊಂಡಿತು. ಹೊಸಗನ್ನಡ ಸಾಹಿತ್ಯಕ್ಕೆ ಅಷ್ಟೊಂದು ಕೊಟ್ಟ ಪತ್ರಿಕೆ ಒಂದು ಕಾಲೇಜಿನ ಸಂಘದಲ್ಲಿ ಹುಟ್ಟಿತು ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಈ ಪರಂಪರೆ ಅಲ್ಲಿಗೇ ನಿಲ್ಲಲಿಲ್ಲ. 1972ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಕನ್ನಡ ಸಂಘ ಶುರುವಾಯಿತು. ಅಲ್ಲಿ ಕನ್ನಡ ಕಲಿಸುತ್ತಿದ್ದ ಚಿ. ಶ್ರೀನಿವಾಸರಾಜು ಅದನ್ನು ಪುಸ್ತಕ ಪ್ರಕಾಶನವಾಗಿಯೂ ಬೆಳೆಸಿದರು. ಬೇಂದ್ರೆ ಹೆಸರಿನ ಅಂತರ ಕಾಲೇಜು ಕವನ ಸ್ಪರ್ಧೆಗೆ ರಾಜ್ಯದ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಪದ್ಯ ಕಳಿಸಿದರು. ಮೆಚ್ಚುಗೆಯಾದ ಪದ್ಯಗಳು ಪುಸ್ತಕವಾದವು. ಇನ್ನೂ ಡಿಗ್ರಿ ಮುಗಿಸದ ಹುಡುಗಿಯ ಕವಿತೆ ಅಚ್ಚಾಗಿ ಅವಳ ಕೈಗೆ ಬರುವುದು ಸಣ್ಣ ವಿಷಯವಲ್ಲ.

ಸಂಘಗಳ ಜೊತೆಜೊತೆಗೆ ವರ್ಷಕ್ಕೊಂದು ಲಯವೂ ಕೂಡಿಬಂತು. ಜೂನ್‌ನಲ್ಲಿ ಅಡ್ಮಿಷನ್. ಮಳೆಗಾಲದಲ್ಲಿ ಹೊಸಬರಿಗೆ ಸ್ವಾಗತ, ಯೂನಿಯನ್ ಚುನಾವಣೆ, ಅದರ ಉದ್ಘಾಟನೆ. ಆಮೇಲೆ ಗಣೇಶನ ಹಬ್ಬ, ದಸರಾ ರಜೆ, ನವೆಂಬರ್‌ನಲ್ಲಿ ರಾಜ್ಯೋತ್ಸವ. ಚಳಿಗಾಲದಲ್ಲಿ ಪ್ರವಾಸ, ಕ್ರೀಡಾಕೂಟ. ಫೆಬ್ರವರಿ ಹೊತ್ತಿಗೆ ಕಾಲೇಜ್ ಡೇ, ಅದರ ಬೆನ್ನಿಗೇ ಆಟೋಗ್ರಾಫ್ ಪುಸ್ತಕ, ಗ್ರೂಪ್ ಫೋಟೊ, ಸೆಂಡ್ ಆಫ್. ವರ್ಷಕ್ಕೆ ಒಂದೇ ದೊಡ್ಡ ಪರೀಕ್ಷೆ ಇದ್ದಿದ್ದರಿಂದಲೇ ಇದೆಲ್ಲಕ್ಕೂ ಜಾಗ ಸಿಗುತ್ತಿತ್ತು. ನಾಟಕದ ತಾಲೀಮಿಗೆ ತಿಂಗಳುಗಟ್ಟಲೆ ಸಮಯ ಇರುತ್ತಿತ್ತು.

ಈ ಲಯದ ಒಳಗೇ ಬಂದು ಕೂತದ್ದು ಎನ್‌ಎಸ್‌ಎಸ್ ಶಿಬಿರ. ಗಾಂಧಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಚಾಲನೆ ಕೊಟ್ಟ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದವರು. ಏಳು ದಿನದ ವಾರ್ಷಿಕ ಶಿಬಿರ ಎಂದರೆ ಹಳ್ಳಿಯ ಶಾಲೆಯಲ್ಲಿ ವಾಸ. ಬೆಳಿಗ್ಗೆ ಚರಂಡಿ ಕ್ಲೀನ್ ಮಾಡುವುದು, ಇಂಗುಗುಂಡಿ ತೋಡುವುದು, ಶಾಲೆಯ ಗೋಡೆಗೆ ಸುಣ್ಣ ಬಳಿಯುವುದು. ಮಧ್ಯಾಹ್ನ ಉಪನ್ಯಾಸ. ಸಂಜೆ ಊರಿನವರ ಮುಂದೆ ಹಾಡು, ಕಿರುನಾಟಕ. ಕೊನೆಯ ರಾತ್ರಿ ಶಿಬಿರಾಗ್ನಿ. ಅಡುಗೆಗೆ ಒಂದು ತಂಡ, ಬಡಿಸಲು ಒಂದು ತಂಡ, ಪಾತ್ರೆ ತೊಳೆಯಲು ಇನ್ನೊಂದು. ಬೇರೆ ಬೇರೆ ಜಾತಿ, ಬೇರೆ ಬೇರೆ ಮನೆಯ ಮಕ್ಕಳು ಒಂದೇ ಹಂಡೆಯ ಸಾರು ಉಣ್ಣುವುದು ಎಷ್ಟೋ ಜನರಿಗೆ ಅಲ್ಲೇ ಮೊದಲು. ಕಾಲೇಜು ವರ್ಷದ ಎಲ್ಲ ಸಂಪ್ರದಾಯಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಇನ್ನು ಯೂನಿಯನ್. ಒಂದು ಕಾಲದಲ್ಲಿ ಕಾಲೇಜ್ ಡೇ ನಡೆಸುವುದು, ಅತಿಥಿಯನ್ನು ಕರೆಯುವುದು, ಮ್ಯಾಗಜಿನ್‌ಗೆ ವಿದ್ಯಾರ್ಥಿ ಸಂಪಾದಕರನ್ನು ಹುಡುಕುವುದು ಚುನಾಯಿತ ಯೂನಿಯನ್ನಿನ ಕೆಲಸ. ಆದರೆ ಎಂಬತ್ತರ ದಶಕ ಬರುವ ಹೊತ್ತಿಗೆ ಕ್ಯಾಂಪಸ್ ಚುನಾವಣೆಗಳಿಗೆ ಹೊರಗಿನ ದುಡ್ಡು ಬಂತು, ಪಕ್ಷಗಳು ಬಂದವು, ಜಾತಿ ಲೆಕ್ಕಾಚಾರ ಬಂತು, ಹೊಡೆದಾಟ ಬಂತು. ದಶಕದ ಕೊನೆಗೆ ರಾಜ್ಯ ಸರ್ಕಾರ ವಿದ್ಯಾರ್ಥಿ ಸಂಘದ ಚುನಾವಣೆಗಳನ್ನೇ ನಿಲ್ಲಿಸಿತು. ಹಿಂಸೆ ನಿಜವಾಗಿತ್ತು, ಪೋಷಕರ ಭಯವೂ ನಿಜವಾಗಿತ್ತು. ಆದರೆ ಗಲಾಟೆಯ ಜೊತೆಗೆ ಜವಾಬ್ದಾರಿಯೂ ಹೋಯಿತು ಎನ್ನುವುದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಹಳ ಕಡೆ ಅಂಕ ನೋಡಿ ಕ್ಲಾಸ್ ರೆಪ್ರೆಸೆಂಟೇಟಿವ್ ನೇಮಕ ಮಾಡುವುದು ರೂಢಿಯಾಯಿತು. ಯೂನಿಯನ್ ಇದ್ದ ಜಾಗಕ್ಕೆ ಉಪನ್ಯಾಸಕರ ಸಾಂಸ್ಕೃತಿಕ ಸಮಿತಿ ಬಂತು.

2006ರಲ್ಲಿ ನಿವೃತ್ತ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಸಮಿತಿ ಇದಕ್ಕೊಂದು ದಾರಿ ತೋರಿಸಿತು. ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿ ಮಿತಿ. ಹಾಜರಾತಿ ಕನಿಷ್ಠ ಶೇ 75. ಅಚ್ಚು ಹಾಕಿಸಿದ ಪೋಸ್ಟರ್ ಬೇಡ, ಕೈಯಲ್ಲಿ ಬರೆದದ್ದು ಮಾತ್ರ. ಸುಪ್ರೀಂ ಕೋರ್ಟ್ ಈ ಶಿಫಾರಸುಗಳನ್ನು ಒಪ್ಪಿ ಜಾರಿ ಮಾಡಲು ಹೇಳಿತು. ಕರ್ನಾಟಕದಲ್ಲಿ ಅದಾದ ಮೇಲೂ ಚುನಾವಣೆ ಹಿಂದಿನಂತೆ ಮರಳಲಿಲ್ಲ.

ಫ್ರೆಷರ್ಸ್ ಡೇಯ ಕತೆ ಬೇರೆ. ಇಲ್ಲಿ ಬದಲಾವಣೆ ಬೇಕೇ ಬೇಕಿತ್ತು. ಹೊಸಬರನ್ನು ‘ಪರಿಚಯ ಮಾಡಿಕೊಳ್ಳುವ’ ನೆಪದಲ್ಲಿ ನಡೆಯುತ್ತಿದ್ದ ರ‍್ಯಾಗಿಂಗ್ ಹಾಸ್ಟೆಲ್‌ಗಳಲ್ಲಿ ಎಷ್ಟೋ ಮಕ್ಕಳ ಬದುಕು ಹಾಳುಮಾಡಿತು. 1996ರಲ್ಲಿ ತಮಿಳುನಾಡಿನ ವೈದ್ಯಕೀಯ ವಿದ್ಯಾರ್ಥಿಯೊಬ್ಬನನ್ನು ಸೀನಿಯರ್ ಒಬ್ಬ ಕೊಂದ. ಮರುವರ್ಷ ಆ ರಾಜ್ಯ ಪ್ರತ್ಯೇಕ ಕಾಯ್ದೆ ತಂದಿತು. ನಮ್ಮಲ್ಲಿ ಕರ್ನಾಟಕ ಶಿಕ್ಷಣ ಕಾಯ್ದೆಯೇ ರ‍್ಯಾಗಿಂಗನ್ನು ಅಪರಾಧ ಎನ್ನುತ್ತದೆ. ಆದರೂ ದೇಶ ನಿಜವಾಗಿ ಎಚ್ಚೆತ್ತದ್ದು 2009ರ ಮಾರ್ಚ್‌ನಲ್ಲಿ, ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜಿನಲ್ಲಿ ಸೀನಿಯರ್‌ಗಳ ಹೊಡೆತಕ್ಕೆ ಹುಡುಗನೊಬ್ಬ ಸತ್ತಾಗ. ಅದೇ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಾವಳಿ ಬಂತು. ವಿದ್ಯಾರ್ಥಿ ಮತ್ತು ಪೋಷಕರಿಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು. ರ‍್ಯಾಗಿಂಗ್ ತಡೆ ಸಮಿತಿ ಇರಲೇಬೇಕು.

ಆ ನಿಯಮಾವಳಿಯಲ್ಲಿ ಜನ ಜಾಸ್ತಿ ಗಮನಿಸದ ಒಂದು ಮಾತಿದೆ. ಹೊಸಬರೂ ಸೀನಿಯರ್‌ಗಳೂ ಒಟ್ಟಿಗೆ ಬೆರೆಯುವಂಥ ಸಾಂಸ್ಕೃತಿಕ ಕಾರ್ಯಕ್ರಮ, ಆಟೋಟ ನಡೆಸಬೇಕು ಎಂದು ಅದು ಹೇಳುತ್ತದೆ. ಅಂದರೆ ಇವತ್ತಿನ ಫ್ರೆಷರ್ಸ್ ಡೇಗೆ ಕಾನೂನಿನ ಬೆಂಬಲವೇ ಇದೆ. ಸೀನಿಯರ್ ಹುಡುಗಿ ಹೊಸಬಳ ಕೈಗೆ ಗುಲಾಬಿ ಕೊಟ್ಟು, ‘ಲೈಬ್ರರಿ ಕಾರ್ಡ್ ಎಲ್ಲಿ ಮಾಡಿಸ್ಬೇಕು ಗೊತ್ತಾ?’ ಎಂದು ಕೇಳುವುದಿದೆಯಲ್ಲ, ಆ ದಿನ ಹುಟ್ಟಿದ್ದೇ ಅದಕ್ಕೆ.

ಇತ್ತ ಸೆಮಿಸ್ಟರ್ ಕೂಡ ಬಂತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ವೇಳಾಪಟ್ಟಿಗೆ ಬಂದವು. ಕೆಲವೇ ವರ್ಷಗಳಲ್ಲಿ ಪದವಿ ಕಾಲೇಜುಗಳೂ ಸೆಮಿಸ್ಟರ್ ಹಿಡಿದವು. ವರ್ಷಕ್ಕೆ ಎರಡು ಪರೀಕ್ಷೆ, ಅದರ ಮಧ್ಯೆ ಇಂಟರ್ನಲ್ಸ್, ಅಸೈನ್‌ಮೆಂಟ್. ನಾಟಕಕ್ಕೆ ಸಿಗುತ್ತಿದ್ದ ತಿಂಗಳು ಹತ್ತು ದಿನಕ್ಕೆ ಇಳಿಯಿತು. ಆ ಜಾಗಕ್ಕೆ ರೆಕಾರ್ಡೆಡ್ ಹಾಡಿನ ಡ್ಯಾನ್ಸ್ ಬಂತು. ಕೋವಿಡ್ ಆದ ಮೇಲೆ ತರಗತಿ ಶುರುವಾಗುವ ತಿಂಗಳೇ ಅಡ್ಡಾದಿಡ್ಡಿಯಾಯಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ನಾಲ್ಕು ವರ್ಷದ ಪದವಿ ಬಂತು, 2024-25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಒಂದು ಬ್ಯಾಚಿನವರಿಗೆ ಸೆಂಡ್ ಆಫ್ ಆಗುವ ಹೊತ್ತಿಗೆ ಇನ್ನೊಂದು ಬ್ಯಾಚಿನವರಿಗೆ ಪರೀಕ್ಷೆ. ಹಳೆಯ ಕ್ಯಾಲೆಂಡರ್ ಚದುರಿಹೋಯಿತು.

ಫೆಸ್ಟ್‌ಗಳು ಬೆಳೆದದ್ದು ಈ ಬದಲಾವಣೆಗಳ ನಡುವೆಯೇ. ಐಐಟಿ ಬಾಂಬೆಯ ಮೂಡ್ ಇಂಡಿಗೊ ಎಪ್ಪತ್ತರ ದಶಕದಲ್ಲೇ ಶುರುವಾಗಿತ್ತು. ನಮ್ಮಲ್ಲಿ ಸುರತ್ಕಲ್‌ನ ಇನ್ಸಿಡೆಂಟ್, ಮಣಿಪಾಲದ ರೆವೆಲ್ಸ್, ಬೆಂಗಳೂರಿನ ಆರ್‌.ವಿ. ಕಾಲೇಜಿನ ಏಯ್ತ್ ಮೈಲ್ ಹೆಸರಾದವು. ಇವುಗಳಲ್ಲಿ ವಿದ್ಯಾರ್ಥಿಗಳು ಈಗಲೂ ಹಗಲುರಾತ್ರಿ ದುಡಿಯುತ್ತಾರೆ, ಬಹಳ ಕಲಿಯುತ್ತಾರೆ. ಆದರೆ ದೊಡ್ಡ ಗಾಯಕರನ್ನು ಕರೆಸಬೇಕೆಂದರೆ ಸ್ಪಾನ್ಸರ್ ಬೇಕು. ಸ್ಪಾನ್ಸರ್ ಬಂದರೆ ಫ್ಲೆಕ್ಸ್ ಬೇಕು, ಸ್ಟಾಲ್ ಬೇಕು. ವಾಣಿಜ್ಯ ಸಂಸ್ಥೆಗಳು ಅಷ್ಟಾಗಿ ಇಲ್ಲದ ಊರಿನ ಸರ್ಕಾರಿ ಪದವಿ ಕಾಲೇಜಿಗೆ ಯಾವ ಕಂಪನಿ ದುಡ್ಡು ಕೊಡುತ್ತದೆ? ಹೀಗೆ ಎರಡು ಥರದ ಕಾಲೇಜು ವರ್ಷಗಳು ಅಕ್ಕಪಕ್ಕದಲ್ಲೇ ನಡೆಯುತ್ತಿವೆ. ಒಂದರಲ್ಲಿ ಲೇಸರ್ ಲೈಟು, ಇನ್ನೊಂದರಲ್ಲಿ ಬಾಡಿಗೆ ಮೈಕು.

ಜನ ಸೇರಿದಷ್ಟೂ ಅಪಾಯವೂ ಜಾಸ್ತಿ. 2023ರ ನವೆಂಬರ್ 25ರಂದು ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದ ಟೆಕ್ ಫೆಸ್ಟ್‌ನಲ್ಲಿ, ಸಂಗೀತ ಕಾರ್ಯಕ್ರಮಕ್ಕೆ ಮುಂಚೆ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕಾಲ್ತುಳಿತವಾಗಿ ನಾಲ್ವರು ಸತ್ತರು. ಇಂಥ ಸುದ್ದಿ ಬಂದಾಗ ಆಡಳಿತ ಮಂಡಳಿಗಳು ಹಗ್ಗ ಬಿಗಿ ಮಾಡುವುದು ಸಹಜ. ಆದರೆ ಎಷ್ಟು ಜನ ಹಿಡಿಯುತ್ತಾರೆ, ಬಾಗಿಲು ಎಷ್ಟು, ಪೊಲೀಸರಿಗೆ ತಿಳಿಸಿದ್ದೇವಾ, ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು ಎನ್ನುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವುದೂ ಕಾಲೇಜಿನ ಕೆಲಸವೇ ಅಲ್ವಾ? ಅವರನ್ನು ಹೊರಗಿಟ್ಟರೆ ಆ ತಿಳಿವಳಿಕೆ ಎಲ್ಲಿಂದ ಬರಬೇಕು?

ಈಚಿನ ವರ್ಷಗಳಲ್ಲಿ ಕಾಲೇಜು ಚುನಾವಣೆ ಮತ್ತೆ ತರಬೇಕೇ ಎಂಬ ಚರ್ಚೆ ಆಗಾಗ ಏಳುತ್ತಿದೆ. ಅದು ತೀರ್ಮಾನವಾಗುವವರೆಗೆ ಕಾಯಬೇಕಾಗಿಲ್ಲ. ಸಾಂಸ್ಕೃತಿಕ ಚಟುವಟಿಕೆ, ಕ್ರೀಡೆ, ಮ್ಯಾಗಜಿನ್ ಹೆಸರಿನಲ್ಲಿ ಕಾಲೇಜುಗಳು ಶುಲ್ಕ ಪಡೆಯುತ್ತವೆ. ಆ ಹಣ ಎಷ್ಟು, ಯಾವುದಕ್ಕೆ ಹೋಯಿತು ಎಂಬ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಬಹುದು. ಪ್ರತಿ ತರಗತಿಯಿಂದ ಒಬ್ಬ ಹುಡುಗಿ, ಒಬ್ಬ ಹುಡುಗನನ್ನು ಸಹಪಾಠಿಗಳೇ ಆರಿಸಿ ಸಾಂಸ್ಕೃತಿಕ ಸಮಿತಿಯಲ್ಲಿ ಕೂರಿಸಬಹುದು. ಮುಂದಿನ ಕಾಲೇಜ್ ಡೇಗೆ ಅತಿಥಿ ಯಾರು, ನಾಟಕಕ್ಕೆ ಎಷ್ಟು, ಊಟಕ್ಕೆ ಎಷ್ಟು ಎಂಬುದನ್ನು ಅವರೇ ಕೂತು ಬರೆಯಲಿ. ಮೇಷ್ಟ್ರು ಪಕ್ಕದಲ್ಲಿ ಇರಲಿ, ಸಹಿ ಹಾಕುವ ಮುಂಚೆ ಪ್ರಶ್ನೆ ಕೇಳಲಿ.