ಹೊಸ ಹಾರ್ಡ್ ಡಿಸ್ಕ್ ಹಳೆಯ ಕಂಪ್ಯೂಟರಿನಲ್ಲಿ ತಿರುಗದಿದ್ದಾಗ

‘ಡಿಟೆಕ್ಟ್ ಆಗುತ್ತಿಲ್ಲ’ ಎಂಬ ದೂರಿನೊಂದಿಗೆ ನನ್ನ ರಿಪೇರಿ ಮೇಜಿಗೆ ಬರುವ ಹೊಸ ಹಾರ್ಡ್ ಡಿಸ್ಕ್‌ಗಳಲ್ಲಿ ನಿಜವಾಗಿ ಕೆಟ್ಟಿರುವವು ಕಡಿಮೆ. ಬಹುಪಾಲು ಸಂದರ್ಭಗಳಲ್ಲಿ ಡಿಸ್ಕೂ ಸರಿಯಾಗಿರುತ್ತದೆ, ಹತ್ತು ಹನ್ನೆರಡು ವರ್ಷ ದುಡಿದ ಕಂಪ್ಯೂಟರೂ ಸರಿಯಾಗಿರುತ್ತದೆ. ಇವೆರಡೂ ಕೂಡುವ ಜಾಗದಲ್ಲಿ ಮಾತ್ರ ಏನೋ ಹೊಂದುತ್ತಿರುವುದಿಲ್ಲ.

ಡೇಟಾ ಕೇಬಲಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸಲು 2003ರಲ್ಲಿ ಬಂದ ಸಾಟಾ ವ್ಯವಸ್ಥೆಯ ಏಳು ಪಿನ್ನಿನ ಕನೆಕ್ಟರ್ ಇಂದಿಗೂ ಅದೇ ಆಕಾರದಲ್ಲಿದೆ. ವೇಗದ ಮಿತಿ ಸೆಕೆಂಡಿಗೆ 1.5 ಗಿಗಾಬಿಟ್‌ನಿಂದ 3ಕ್ಕೆ, ಬಳಿಕ 6ಕ್ಕೆ ಏರಿದ್ದರೂ, ಹೊಸ ಡಿಸ್ಕ್ ಹಳೆಯ ಪೋರ್ಟಿನಲ್ಲಿ ಸಾಮಾನ್ಯವಾಗಿ ತಾನೇ ವೇಗ ತಗ್ಗಿಸಿಕೊಂಡು ಕೆಲಸ ಮಾಡುತ್ತದೆ. ತಿರುಗುವ ತಟ್ಟೆಗಳಿರುವ ಡಿಸ್ಕ್ 3 ಗಿಗಾಬಿಟ್ ಪೋರ್ಟನ್ನೇ ಪೂರ್ತಿ ಬಳಸಲಾರದು. ಆದ್ದರಿಂದ ಕೇವಲ ಅದಕ್ಕಾಗಿ ಮದರ್‌ಬೋರ್ಡ್ ಬದಲಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಮೋಸ ಮಾಡುವುದು ಪಕ್ಕದಲ್ಲಿರುವ ಹದಿನೈದು ಪಿನ್ನಿನ ಪವರ್ ಕನೆಕ್ಟರ್. ಮೊದಲ ವಿನ್ಯಾಸದಲ್ಲಿ ಅದರ ಮೊದಲ ಮೂರು ಪಿನ್ನುಗಳು 3.3 ವೋಲ್ಟ್ ಪೂರೈಕೆಗೆ ಮೀಸಲಾಗಿದ್ದವು. ಡಿಸ್ಕ್‌ಗಳು ಆ ವೋಲ್ಟೇಜನ್ನು ಹೆಚ್ಚಾಗಿ ಬಳಸುತ್ತಿರಲಿಲ್ಲ, ಆದರೂ ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ಗಳು ಕೊಡುತ್ತಲೇ ಇದ್ದವು. 2016ರ ಸಾಟಾ 3.3 ಆವೃತ್ತಿಯಲ್ಲಿ ಮೂರನೆಯ ಪಿನ್ನಿಗೆ ಬೇರೆಯೇ ಕೆಲಸ ವಹಿಸಲಾಯಿತು: ಅಲ್ಲಿ ವೋಲ್ಟೇಜ್ ಕಂಡರೆ ಡಿಸ್ಕ್ ತನ್ನನ್ನು ತಾನೇ ಸ್ಥಗಿತಗೊಳಿಸಿಕೊಳ್ಳಬೇಕು. ನೂರಾರು ಡಿಸ್ಕ್‌ಗಳನ್ನು ದೂರದಿಂದ ನಿಭಾಯಿಸುವ ಡೇಟಾ ಸೆಂಟರಿಗೆ ಇದು ಅನುಕೂಲ. ಮನೆಯ ಹಳೆಯ ಎಸ್‌ಎಂಪಿಎಸ್‌ಗೆ ಮಾತ್ರ ಈ ಬದಲಾವಣೆಯ ಸುದ್ದಿಯೇ ತಲುಪಿಲ್ಲ. ಅದು ಎಂದಿನಂತೆ 3.3 ವೋಲ್ಟ್ ಕಳಿಸುತ್ತದೆ, ಡಿಸ್ಕ್ ಅದನ್ನು ‘ನಿಲ್ಲು’ ಎಂಬ ಆಜ್ಞೆಯೆಂದು ತಿಳಿದು ಅಲುಗಾಡದೆ ಕೂರುತ್ತದೆ. ಹೊರಗಿನ ಯುಎಸ್‌ಬಿ ಪೆಟ್ಟಿಗೆಯಿಂದ ಬಿಚ್ಚಿ ತೆಗೆದ ದೊಡ್ಡ ಡಿಸ್ಕ್‌ಗಳಲ್ಲಿಯೂ ಸರ್ವರ್ ದರ್ಜೆಯವುಗಳಲ್ಲಿಯೂ ಇದನ್ನು ಹೆಚ್ಚಾಗಿ ಕಂಡಿದ್ದೇನೆ. ಪರೀಕ್ಷೆ ಸುಲಭ: ಪವರ್ ಕೊಟ್ಟ ಮೇಲೆ ಡಿಸ್ಕಿನ ಮೇಲೆ ಬೆರಳಿಟ್ಟಾಗ ಕಂಪನವೇ ಇಲ್ಲದೆ, ಅದೇ ಡಿಸ್ಕ್ ತನ್ನ ಯುಎಸ್‌ಬಿ ಪೆಟ್ಟಿಗೆಯಲ್ಲಿ ತಿರುಗಿದರೆ, ಈ ಪಿನ್ನನ್ನೇ ಶಂಕಿಸಬೇಕು. ಡಿಸ್ಕಿನ ಪವರ್ ಕನೆಕ್ಟರಿನಲ್ಲಿ, ಡೇಟಾ ಕನೆಕ್ಟರಿನ ಕಡೆಯಿಂದ ಎಣಿಸಿದರೆ ಸಿಗುವ ಮೂರನೆಯ ಪಿನ್ನನ್ನು ಶಾಖ ತಡೆಯುವ ಕ್ಯಾಪ್ಟಾನ್ ಟೇಪಿನ ಸಣ್ಣ ಚೂರಿನಿಂದ ಮುಚ್ಚಿದರೆ ಸಾಕು, ಡಿಸ್ಕ್ ಎದ್ದು ಕೂರುತ್ತದೆ.

ನಾಲ್ಕು ಪಿನ್ನಿನ ಹಳೆಯ ಮೋಲೆಕ್ಸ್ ತಂತಿಯಿಂದ ಸಾಟಾ ಪವರಿಗೆ ಬದಲಿಸುವ ಕನ್ವರ್ಟರ್ ಬಳಸಿದರೂ ಸಮಸ್ಯೆ ತೀರುತ್ತದೆ, ಏಕೆಂದರೆ ಮೋಲೆಕ್ಸ್‌ನಲ್ಲಿ ಇರುವುದು 5 ಮತ್ತು 12 ವೋಲ್ಟ್ ಮಾತ್ರ. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಗ್ಗಕ್ಕೆ ಸಿಗುವ, ತಂತಿಗಳನ್ನು ಅಚ್ಚಿನ ಪ್ಲಾಸ್ಟಿಕ್ಕಿನೊಳಗೆ ಹುದುಗಿಸಿದ ಕನ್ವರ್ಟರನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಒಳಗೆ ಎರಡು ತಂತಿಗಳು ತಾಕಿದರೆ ಕನೆಕ್ಟರೇ ಕರಗಿ, ಡಿಸ್ಕನ್ನೂ ಸುಡಬಲ್ಲದು. ತಂತಿಗಳು ಒಂದೊಂದಾಗಿ ಕ್ಲಿಪ್ಪಿನಲ್ಲಿ ಕಚ್ಚಿಕೊಂಡಿರುವ ಬಗೆಯದನ್ನೇ ಕೇಳಿ ಕೊಳ್ಳಬೇಕು.

ಡಿಸ್ಕ್ ತಿರುಗಿತು, ಆದರೆ 8 ಟೆರಾಬೈಟಿನಲ್ಲಿ ಬಳಸಲು ಸಿಗುತ್ತಿರುವುದು ಎರಡೇ ಎಂಬುದು ಮುಂದಿನ ದೂರು. ಡಿಸ್ಕಿನ ಜಾಗದ ಲೆಕ್ಕವಿಡುವ ಹಳೆಯ ಎಂಬಿಆರ್ ಪದ್ಧತಿಯು ಸೆಕ್ಟರುಗಳನ್ನು, ಅಂದರೆ ಡಿಸ್ಕಿನ ಜಾಗದ ಸಣ್ಣ ತುಂಡುಗಳನ್ನು, 32 ಬಿಟ್ ಸಂಖ್ಯೆಯಿಂದ ಎಣಿಸುವುದರಿಂದ ಸುಮಾರು 429 ಕೋಟಿ ಸೆಕ್ಟರುಗಳಾಚೆಗೆ ಅದಕ್ಕೆ ಲೆಕ್ಕ ಬರುವುದಿಲ್ಲ; ಒಂದೊಂದು ಸೆಕ್ಟರಿಗೆ 512 ಬೈಟ್ ಎಂದರೆ 2.2 ಟೆರಾಬೈಟಿಗೆ ಎಣಿಕೆ ನಿಲ್ಲುತ್ತದೆ. ಡಿಸ್ಕನ್ನು ಅದರ ಬದಲಿಗೆ ಬಂದ ಹೊಸ ಜಿಪಿಟಿ ಪದ್ಧತಿಯಲ್ಲಿ ಸಿದ್ಧಪಡಿಸಿದರೆ ಪೂರ್ತಿ ಜಾಗ ಸಿಗುತ್ತದೆ, ವಿಂಡೋಸ್ ಅದನ್ನು 7.27 ಎಂದು ತೋರಿಸುವುದು ಬೇರೆ ಲೆಕ್ಕದ ಕ್ರಮದಿಂದಲೇ ಹೊರತು ಅಂಗಡಿಯವರ ಮೋಸದಿಂದಲ್ಲ. ಕಂಪ್ಯೂಟರನ್ನು ಚಾಲೂ ಮಾಡುವ ಮೂಲ ತಂತ್ರಾಂಶ ಹೊಸ ಬಗೆಯ ಯುಇಎಫ್‌ಐ ಆಗಿರದೆ ಹಳೆಯ ಬಯೋಸ್ ಆಗಿದ್ದರೆ, ಜಿಪಿಟಿ ಡಿಸ್ಕಿನಿಂದ ವಿಂಡೋಸ್ ಬೂಟ್ ಆಗದು. ಕಡತಗಳನ್ನಿಡಲು ಎರಡನೆಯ ಡಿಸ್ಕಾಗಿ ಬಳಸಲು ಅಡ್ಡಿಯಿಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕೆಲವು ಯುಎಸ್‌ಬಿ ಪೆಟ್ಟಿಗೆಗಳು ಒಳಗಿನ ಡಿಸ್ಕಿನ ಸೆಕ್ಟರುಗಳನ್ನು 4096 ಬೈಟಿನವೆಂದು ಕಂಪ್ಯೂಟರಿಗೆ ತೋರಿಸುತ್ತವೆ. ಅಂಥ ಡಿಸ್ಕನ್ನು ಬಿಚ್ಚಿ ನೇರವಾಗಿ ಸಾಟಾ ಕೇಬಲಿಗೆ ಜೋಡಿಸಿದಾಗ ಎಣಿಕೆಯ ಅಳತೆಗೋಲೇ ಬದಲಾಗುವುದರಿಂದ, ತುಂಬಿದ ಡಿಸ್ಕ್ ಖಾಲಿಯಂತೆ ಕಾಣುತ್ತದೆ ಮತ್ತು ವಿಂಡೋಸ್ ಅದನ್ನು ‘ಇನಿಶಿಯಲೈಸ್’ (ಹೊಸದಾಗಿ ಸಿದ್ಧ) ಮಾಡಲೇ ಎಂದು ವಿನಯದಿಂದ ಕೇಳುತ್ತದೆ. ಅಲ್ಲಿ ಒಪ್ಪಿಗೆಯ ಗುಂಡಿ ಒತ್ತಿಯೇ ಎಷ್ಟೋ ಜನ ಮದುವೆಯ ಫೋಟೋಗಳಿದ್ದ ಡಿಸ್ಕಿನೊಂದಿಗೆ ನನ್ನಲ್ಲಿಗೆ ಓಡಿ ಬಂದಿದ್ದಾರೆ. ಏನನ್ನೂ ಒತ್ತದೆ ಡಿಸ್ಕನ್ನು ಅದೇ ಪೆಟ್ಟಿಗೆಗೆ ಮರಳಿಸಿ, ಒಳಗಿರುವುದನ್ನು ಬೇರೆಡೆಗೆ ನಕಲು ಮಾಡಿಕೊಂಡ ಮೇಲೆಯೇ ಮುಂದುವರಿಯಬೇಕು.

ಇನ್ನು, ಮದರ್‌ಬೋರ್ಡಿನ ಮೇಲಿರುವ ಎಂ.2 ಎಂಬ ಸ್ಲಾಟಿಗೆ ಎಸ್‌ಎಸ್‌ಡಿ (ತಿರುಗುವ ತಟ್ಟೆಗಳಿಲ್ಲದ ಡಿಸ್ಕ್) ಹಾಕಿದ ದಿನವೇ ಹಳೆಯ ಹಾರ್ಡ್ ಡಿಸ್ಕ್ ಮಾಯವಾಯಿತೆಂದರೆ ಮದರ್‌ಬೋರ್ಡಿನ ಕೈಪಿಡಿಯನ್ನು ತೆರೆಯಿರಿ. ಅನೇಕ ಬೋರ್ಡುಗಳಲ್ಲಿ ಆ ಸ್ಲಾಟ್ ಒಂದೆರಡು ಸಾಟಾ ಪೋರ್ಟುಗಳೊಂದಿಗೆ ದಾರಿ ಹಂಚಿಕೊಂಡಿರುತ್ತದೆ, ಒಂದು ನಡೆದರೆ ಇನ್ನೊಂದು ಮುಚ್ಚುತ್ತದೆ. ಕೇಬಲನ್ನು ಕೈಪಿಡಿ ಹೇಳುವ ಬೇರೊಂದು ಪೋರ್ಟಿಗೆ ಚುಚ್ಚಿದರೆ ಹಳೆಯ ಡಿಸ್ಕ್ ಮತ್ತೆ ಕಾಣಿಸಿಕೊಳ್ಳುತ್ತದೆ.