ಎಲ್ಲರ ಹೊಟ್ಟೆಯಲ್ಲೂ ಇರುವ ಲಿಗಮೆಂಟ್, ಅರವತ್ತು ವರ್ಷದ ಜಗಳ

ಹಾಸನದ ಕಡೆ ಊಟ ಆದ್ಮೇಲೆ ಹೊಟ್ಟೆ ನೋವು ಅಂದರೆ ಮೊದಲು ಬರುವ ಮಾತು ‘ಗ್ಯಾಸ್ಟ್ರಿಕ್ ಇರಬೇಕು’. ಬಹಳ ಸಲ ಅದು ಸರಿಯೂ ಹೌದು. ಸಕಲೇಶಪುರದ ನಮ್ಮ ನೆಂಟರ ಹುಡುಗಿಗೆ ಮಾತ್ರ ಗ್ಯಾಸ್ಟ್ರಿಕ್ ಮಾತ್ರೆಗಳು ನಾಟಲಿಲ್ಲ. ತಟ್ಟೆ ಕಂಡರೇ ಹೆದರುವಷ್ಟು ನೋವು. ತೂಕ ಇಳಿಯುತ್ತಾ ಹೋಯಿತು. ಎಂಡೋಸ್ಕೋಪಿಯಲ್ಲಿ ಏನೂ ಇಲ್ಲ, ಪಿತ್ತಕೋಶದಲ್ಲಿ ಕಲ್ಲೂ ಇಲ್ಲ. ಕೊನೆಗೆ ಸ್ಕ್ಯಾನ್ ರಿಪೋರ್ಟಿನಲ್ಲಿ ಒಂದು ಉದ್ದದ ಹೆಸರು ಬಂತು: ಮೀಡಿಯನ್ ಆರ್ಕ್ಯುಯೇಟ್ ಲಿಗಮೆಂಟ್. ಮನೆಯವರು ಅದೇನೋ ಗಂಟು ಬೆಳೆದಿದೆ ಅಂದುಕೊಂಡರು.

ಗಂಟಲ್ಲ. ಅದು ನನಗೂ ಇದೆ, ನಿಮಗೂ ಇದೆ.

ಎದೆ ಮತ್ತು ಹೊಟ್ಟೆಯ ನಡುವೆ ಇರುವ ಉಸಿರಾಟದ ಸ್ನಾಯು ಡಯಾಫ್ರಮ್, ಅಂದರೆ ವಪೆ. ಇದರ ಹಿಂಭಾಗದಿಂದ ಎರಡು ಕಾಲುಗಳು ಇಳಿದು ಸೊಂಟದ ಬೆನ್ನುಮೂಳೆಗೆ ಅಂಟಿಕೊಂಡಿವೆ. ಬಲಗಾಲು ಸ್ವಲ್ಪ ಉದ್ದ. ಈ ಎರಡು ಕಾಲುಗಳನ್ನು ಮೇಲೆ ಸೇರಿಸುವ ಗಟ್ಟಿ ನಾರಿನ ಕಮಾನೇ ಈ ಲಿಗಮೆಂಟ್. ಹಾಸನದ ಮೆಡಿಕಲ್ ಕಾಲೇಜಿರಲಿ, ಬೇರೆ ಯಾವ ಊರಿನದೇ ಇರಲಿ, ಮೊದಲ ವರ್ಷದ ಹುಡುಗರು ‘8, 10, 12’ ಅಂತ ಬಾಯಿಪಾಠ ಮಾಡುತ್ತಾರೆ. ಎದೆಯ ಎಂಟನೇ ಕಶೇರುವಿನ (ಬೆನ್ನುಮೂಳೆಯ ಮಣಿ) ಮಟ್ಟದಲ್ಲಿ ದೊಡ್ಡ ಅಭಿಧಮನಿ, ಹತ್ತರಲ್ಲಿ ಅನ್ನನಾಳ, ಹನ್ನೆರಡರಲ್ಲಿ ಮಹಾಪಧಮನಿ ವಪೆಯನ್ನು ದಾಟುತ್ತವೆ. ಈ ಕೊನೆಯ ದಾರಿಯ ಮುಂದುಗಡೆ ಇರುವುದೇ ನಮ್ಮ ಕಮಾನು.

ಕಮಾನಿನ ಸ್ವಲ್ಪ ಕೆಳಗೆ ಮಹಾಪಧಮನಿಯಿಂದ ಸೀಲಿಯಾಕ್ ಅಪಧಮನಿ ಹೊರಡುತ್ತದೆ. ಒಂದೆರಡು ಸೆಂಟಿಮೀಟರ್ ಉದ್ದದ ಗಿಡ್ಡ ಕೊಳವೆ. ಜಠರ, ಯಕೃತ್ತು (ಲಿವರ್), ಗುಲ್ಮಕ್ಕೆ (ಸ್ಪ್ಲೀನ್) ಹೋಗುವ ಶುದ್ಧ ರಕ್ತದ ಮುಖ್ಯ ದಾರಿ. ಸುಮಾರು 10ರಿಂದ 24 ಶೇಕಡ ಜನರಲ್ಲಿ ಕಮಾನು ಕೆಳಗಿದ್ದು, ತೋಟದ ನೀರಿನ ಪೈಪಿನ ಮೇಲೆ ಕಾಲಿಟ್ಟ ಹಾಗೆ, ಈ ಅಪಧಮನಿಯನ್ನು ಅದುಮುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಅದರ ಕೆಳಗೆ ಹೊರಡುವ ಕರುಳಿನ ಅಪಧಮನಿಯಿಂದ ಅಡ್ಡದಾರಿಗಳಲ್ಲಿ ರಕ್ತ ಬಂದು ಕೊರತೆ ತುಂಬುತ್ತದೆ. ಹಾಗಾದರೆ ಈ ಒತ್ತಿನಿಂದ ನಿಜಕ್ಕೂ ನೋವು ಬರುತ್ತದಾ? ಜಗಳ ಶುರುವಾಗುವುದು ಇಲ್ಲೇ.

ಅಪಧಮನಿಯ ಮೇಲೆ ವಪೆಯ ನಾರು ಬಿದ್ದಿರುವುದನ್ನು ಅಮೆರಿಕದ ಬೆಂಜಮಿನ್ ಲಿಪ್‌ಶುಟ್ಜ್ 1917ರಲ್ಲೇ ಬರೆದಿದ್ದರು. ಆಗ ಅದು ಶವ ಕೊಯ್ದು ನೋಡುವವರ ಕುತೂಹಲ ಅಷ್ಟೇ. 1963ರಲ್ಲಿ ಫಿನ್‌ಲೆಂಡಿನ ಹಾರ್ಯೊಲಾ, ಒತ್ತಡ ಬಿಡಿಸಿದ ಮೇಲೆ ಒಬ್ಬ ರೋಗಿಯ ನೋವು ಹೋದದ್ದನ್ನು ವರದಿ ಮಾಡಿದರು. 1965ರಲ್ಲಿ ಡನ್‌ಬಾರ್ ಮತ್ತು ಜೊತೆಗಾರರು ಇಂಥದೇ ಹಲವು ರೋಗಿಗಳ ಬಗ್ಗೆ ಬರೆದರು. ಕಾಯಿಲೆಗೆ ಡನ್‌ಬಾರ್ ಹೆಸರೇ ನಿಂತಿತು. ಏಳೇ ವರ್ಷಕ್ಕೆ, 1972ರಲ್ಲಿ, ಸಿಲಾಗಿ ಎಂಬ ಸರ್ಜನ್ ‘ಇಂಥ ಕಾಯಿಲೆ ಇದೆಯಾ?’ ಅಂತ ನೇರವಾಗಿ ಕೇಳಿದರು. ಯಾವ ನೋವೂ ಇಲ್ಲದವರಲ್ಲೂ ಅದೇ ಒತ್ತು ಕಾಣುತ್ತದಲ್ಲ ಅನ್ನುವುದು ಅವರ ತಕರಾರು. ನ್ಯಾಯವಾದ ತಕರಾರೇ. ಆದರೆ ಅದರ ನೆಪದಲ್ಲಿ ಎಷ್ಟೋ ರೋಗಿಗಳಿಗೆ ‘ಎಲ್ಲಾ ಮನಸ್ಸಿನದು’ ಅಂದು ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಈ ಕಾಯಿಲೆ ಜಾಸ್ತಿ ಕಾಣುವುದು ಸಣಕಲು ಮೈಯ ಯುವತಿಯರಲ್ಲಿ. ಅವರ ಮಾತನ್ನು ತಳ್ಳಿಹಾಕುವುದು ಸುಲಭ ಅಲ್ವಾ.

ಪರೀಕ್ಷೆ ಮಾಡುವ ರೀತಿ ನೋಡಿದರೆ ವಿಷಯ ಚೆನ್ನಾಗಿ ಅರ್ಥವಾಗುತ್ತದೆ. ಡಾಪ್ಲರ್ ಅಂದರೆ ರಕ್ತ ಹರಿಯುವ ವೇಗ ತೋರಿಸುವ ಸ್ಕ್ಯಾನ್. ಆ ಕೋಣೆಯಲ್ಲಿ ಎದೆಗೂಡಿನ ಕೆಳಗೆ ತಣ್ಣನೆಯ ಜೆಲ್ ಹಚ್ಚುತ್ತಾರೆ. “ಉಸಿರು ಪೂರ್ತಿ ಬಿಡಮ್ಮಾ, ಹಾಗೇ ಇರು.” ಸ್ಕ್ರೀನಿನಲ್ಲಿ ರಕ್ತದ ವೇಗದ ಗೆರೆ ಮೇಲಕ್ಕೆ ಜಿಗಿಯುತ್ತದೆ. “ಈಗ ಜೋರಾಗಿ ಎಳ್ಕೋ.” ಗೆರೆ ಇಳಿಯುತ್ತದೆ. ಉಸಿರು ಬಿಟ್ಟಾಗ ಒತ್ತು ಹೆಚ್ಚು, ಕಿರಿದಾದ ದಾರಿಯಲ್ಲಿ ರಕ್ತ ಜೋರಾಗಿ ನುಗ್ಗುತ್ತದೆ. ಎಳೆದಾಗ ಅಪಧಮನಿ ಕೆಳಗೆ ಸರಿದು ಒತ್ತು ಸಡಿಲ. ಉಸಿರು ಬಿಟ್ಟಾಗ ಮಾತ್ರ ಕಾಣುವ ಒತ್ತನ್ನು ತೀರಾ ದೊಡ್ಡದು ಮಾಡಬೇಕಿಲ್ಲ. ಉಸಿರು ಎಳೆದಾಗಲೂ ಉಳಿದರೆ, ಜೊತೆಗೆ ಊಟದ ನಂತರದ ನೋವು, ತೂಕದ ಇಳಿಕೆ ಇದ್ದರೆ, ಆಗ ಯೋಚಿಸಬೇಕು. ಬರೀ ಸ್ಕ್ಯಾನ್ ನೋಡಿ ಆಪರೇಶನ್‌ಗೆ ಓಡುವುದು ತಪ್ಪು.

ಆಪರೇಶನ್ ಅಂದರೆ ಆ ನಾರನ್ನು ಕತ್ತರಿಸಿ ಅಪಧಮನಿಯನ್ನು ಬಿಡಿಸುವುದು. 2000ದಿಂದ ಈಚೆಗೆ ಇದನ್ನು ಸಣ್ಣ ರಂಧ್ರಗಳ ಮೂಲಕ ಲ್ಯಾಪರೋಸ್ಕೋಪಿಯಲ್ಲೂ ಮಾಡುತ್ತಾರೆ. ಎಲ್ಲರಿಗೂ ಗುಣವಾಗುವುದಿಲ್ಲ. ಅದಕ್ಕೇ ಈಗ ಕಣ್ಣು ನರಗಳ ಕಡೆಗೂ ತಿರುಗಿದೆ. ಅಪಧಮನಿಯನ್ನು ಸುತ್ತುವರಿದ ಸೀಲಿಯಾಕ್ ನರಗಳ ಗುಂಪು ಅದೇ ಕಮಾನಿನಡಿ ಸಿಕ್ಕಿಕೊಂಡಿರುತ್ತದೆ. ಹಾರ್ಯೊಲಾ ಅವರ ಮೊದಲ ರೋಗಿಯಲ್ಲೂ ಅಪಧಮನಿಯನ್ನು ಒತ್ತಿದ್ದು ಗಟ್ಟಿಯಾದ ಆ ನರದ ಗಂಟೇ. ಹೀಗಾಗಿ ಕೆಲವು ವೈದ್ಯರು ಮೊದಲು ಅಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ರೋಗಿಗೆ ಊಟ ಮಾಡಿಸಿ ನೋಡುತ್ತಾರೆ. ಆ ಹೊತ್ತಿಗೆ ನೋವು ನಿಂತರೆ ಆಪರೇಶನ್ ಬಗ್ಗೆ ಮಾತು ಮುಂದುವರಿಯುತ್ತದೆ.